ಕೆಜಿಎಫ್ ಮೇಲೆ ಕಾದಂಬರಿ ಬರೆಯುತ್ತಿದ್ದೇನೆ: 1890ರ ಹೊತ್ತಿನ ಗಣಿ ಊರಿನ ಬದುಕು ಹೇಗಿತ್ತು?

ಸೋರೆಹೂ

ಎಲ್ಲರಿಗೂ ನಮಸ್ಕಾರ. ಕೋಲಾರ ಚಿನ್ನದ ಗಣಿ ಊರಿನ ಮೇಲೆ ಒಂದು ಐತಿಹಾಸಿಕ ಕಾದಂಬರಿ ಬರೆಯುತ್ತಿದ್ದೇನೆ. ಕತೆ 1884ರಲ್ಲಿ ಶುರುವಾಗಿ 1902ರಲ್ಲಿ ಮುಗಿಯುತ್ತದೆ. ಮುಖ್ಯ ಪಾತ್ರ ಪೊನ್ನಿ ಅನ್ನೋ ಹುಡುಗಿ. ಉತ್ತರ ಆರ್ಕಾಟ್ ಕಡೆಯ ಹಳ್ಳಿಯಿಂದ ಅಪ್ಪ, ಅಮ್ಮ, ತಮ್ಮನ ಜೊತೆ ಬರುತ್ತಾಳೆ. ಅಪ್ಪ ಗಣಿಗೆ ಇಳಿಯುತ್ತಾನೆ. ಅಮ್ಮ ಮೇಲೆ ಕಲ್ಲು ಹೊರುತ್ತಾಳೆ.

ಓದಿದ ಕಡೆಯಲ್ಲೆಲ್ಲ ಕಂಪನಿ, ಷೇರು, ಎಷ್ಟು ಔನ್ಸ್ ಚಿನ್ನ ಬಂತು ಅನ್ನೋದೇ ತುಂಬಿದೆ. ನನಗೆ ಬೇಕಿರುವುದು ದಿನದ ಬದುಕು. ಜನ ಯಾವ ಬೆಳಕಿನಲ್ಲಿ ಕೆಲಸ ಮಾಡುತ್ತಿದ್ದರು? ಕುಡಿಯೋ ನೀರು ಎಲ್ಲಿಂದ? ರಾತ್ರಿ ಮಲಗಿದಾಗ ಏನು ಕೇಳಿಸುತ್ತಿತ್ತು? ಇನ್ನೊಂದು ಗೊಂದಲ, ಕತೆಯನ್ನು ಲವೆಲ್ ದೊರೆಯಿಂದ ಶುರು ಮಾಡಲಾ ಅಂತ. ಅವನ ಬದುಕೇ ಒಂದು ಸಾಹಸ ಅಲ್ವಾ?

ಹಳೇಗೆಜೆಟಿಯರ್

ಸಾಹಸ ಹೌದು. 1802ರಲ್ಲಿ ಲೆಫ್ಟಿನೆಂಟ್ ವಾರನ್ ಮೈಸೂರು ಗಡಿ ಅಳೆಯಲು ಬಂದಾಗ ಉರಿಗಾಂ, ಮಾರಿಕುಪ್ಪಂ ಕಡೆ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೋರಿಸಿದ್ದರು. ಆ ವರದಿಯನ್ನು ಸುಮಾರು 70 ವರ್ಷ ಆದಮೇಲೆ ಓದಿದವನು ಮೈಕೆಲ್ ಲವೆಲ್. ಐರ್ಲೆಂಡಿನ ಸೈನಿಕ. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ. ಎತ್ತಿನಗಾಡಿ ಕಟ್ಟಿಕೊಂಡು ಕೋಲಾರದ ಕಡೆ ಸುತ್ತಿದ. ಸರ್ಕಾರದ ಹಿಂದೆ ಬಿದ್ದು 1875ರಲ್ಲಿ ಗಣಿ ಹಕ್ಕು ಪಡೆದ. ಆದರೆ ಕೈಯಲ್ಲಿ ದುಡ್ಡಿರಲಿಲ್ಲ. ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದೇ.

ಆದರೂ ನಾನಾಗಿದ್ದರೆ ಅವನಿಂದ ಶುರು ಮಾಡುತ್ತಿರಲಿಲ್ಲ. ಅವನ ಕತೆ ಆಗಲೇ ಎಲ್ಲ ಕಡೆ ಇದೆ. ನಿಮ್ಮ ಪೊನ್ನಿ ಯಾಕೆ ಊರು ಬಿಟ್ಟಳು, ಅದನ್ನು ಹೇಳಿ. 1876ರಿಂದ 78ರವರೆಗಿನ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಮದ್ರಾಸ್ ಪ್ರಾಂತ್ಯದ ಕಡೆಯೂ ಅಷ್ಟೇ ಘೋರ. ಭೂಮಿ ಇಲ್ಲದವರು, ಜೀತದ ಹಾಗೆ ದುಡಿಯುತ್ತಿದ್ದವರು ಮೊದಲು ಸತ್ತರು. ಉಳಿದವರಲ್ಲಿ ಎಷ್ಟೋ ಜನ ಮುಂದೆ ಕೂಲಿ ಹುಡುಕಿಕೊಂಡು ಗಣಿ ದಾರಿ ಹಿಡಿದರು. 1884ರಲ್ಲಿ ಗಣಿಗೆ ಬಂದ ಅಪ್ಪ ಬರ ಕಂಡವನು. ಅವನ ತಲೆಯಲ್ಲಿ ಚಿನ್ನ ಇರುವುದಿಲ್ಲ. ವಾರದ ಕೂಲಿ ಇರುತ್ತದೆ.

ಕತೆಪ್ರಿಯ

ಇಲ್ಲಿ ಒಂದು ಭಿನ್ನ ಅಭಿಪ್ರಾಯ. ಚಿನ್ನದ ಊರು ಅಂದಮೇಲೆ ಓದುಗರಿಗೆ ರೋಮಾಂಚನ ಬೇಕು. ಕ್ಯಾಲಿಫೋರ್ನಿಯಾ, ಕ್ಲಾಂಡೈಕ್, ಬ್ಯಾಲರಾಟ್ ಕತೆಗಳಲ್ಲಿ ಒಬ್ಬ ಬಡವ ಹೊಳೆಯಲ್ಲಿ ಮಣ್ಣು ಜಾಲಿಸುತ್ತಾನೆ, ಒಂದು ಗಟ್ಟಿ ಸಿಗುತ್ತದೆ, ಬದುಕೇ ಬದಲಾಗುತ್ತದೆ. ಪೊನ್ನಿಯ ಅಪ್ಪನಿಗೂ ಹಾಗೊಂದು ಸಿಕ್ಕರೆ? ಅದನ್ನು ಬಚ್ಚಿಟ್ಟರೆ? ಹಿಂದೆ ಜನ ಬಿದ್ದರೆ? ಕತೆ ಓಡುತ್ತದೆ.

ಶಿಫ್ಟ್‌ಮನೆ

ಕತೆಪ್ರಿಯ ಅವರೇ, ನಾನು ಬಿಜಿಎಂಎಲ್‌ನಲ್ಲಿ (ಭಾರತ್ ಗೋಲ್ಡ್ ಮೈನ್ಸ್) ಭೂಮಿಯೊಳಗೆ ಕೆಲಸ ಮಾಡಿದವನು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಇದ್ದೆ. ನನ್ನ ಅಪ್ಪ, ತಾತ ಕೂಡ ಅಲ್ಲೇ. ಮೂರು ತಲೆಮಾರಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಗಣಿಯಲ್ಲಿ ಚಿನ್ನದ ಗಟ್ಟಿ ಕೈಯಲ್ಲಿ ಹಿಡಿದಿಲ್ಲ.

ನೀವು ಹೇಳಿದ ಊರುಗಳಲ್ಲಿ ಮೊದಲು ಸಿಕ್ಕಿದ್ದು ಹೊಳೆ ಮರಳಿನ ಚಿನ್ನ. ಒಂದು ತಟ್ಟೆ, ಒಂದು ಗುದ್ದಲಿ ಇದ್ದರೆ ಯಾರು ಬೇಕಾದರೂ ಜಾಲಿಸಬಹುದಿತ್ತು. ನಮ್ಮದು ಬೆಣಚುಕಲ್ಲಿನ ಪದರದೊಳಗಿನ ಚಿನ್ನ. ಕಣ್ಣಿಗೆ ಕಾಣುವುದೇ ಅಪರೂಪ. ಆ ಕಾಲದ ಒಳ್ಳೆಯ ಕಲ್ಲು ಒಂದು ಟನ್ ಪುಡಿ ಮಾಡಿದರೂ ಬರುತ್ತಿದ್ದದ್ದು ಕೆಲವೇ ತೊಲ. ನಮ್ಮ ಕಾಲಕ್ಕೆ ಕೆಲವೇ ಗ್ರಾಂ. ಅದನ್ನು ತೆಗೆಯಲು ಶಾಫ್ಟ್, ಅಂದರೆ ಗಣಿಗೆ ಇಳಿಯುವ ಆಳದ ಬಾವಿ ಬೇಕು, ಪಂಪ್ ಬೇಕು, ಕಲ್ಲು ಕುಟ್ಟುವ ಮಿಲ್ ಬೇಕು, ಪಾದರಸ ಬೇಕು. ಅಂದರೆ ಲಂಡನ್ನಿನ ದುಡ್ಡು ಬೇಕು. ಕೂಲಿಗೆ ಬಂದವನಿಗೆ ಅದೃಷ್ಟ ಖುಲಾಯಿಸುವ ದಾರಿಯೇ ಅಲ್ಲಿರಲಿಲ್ಲ. ನೀವು ಕೇಳಿದ ಕತೆ ಬರೆದರೆ ನಮ್ಮ ತಾತಂದಿರ ಬದುಕೇ ಅದರಿಂದ ಬಿಟ್ಟುಹೋಗುತ್ತದೆ. ಕೋಪದಿಂದ ಹೇಳುತ್ತಿಲ್ಲ, ನೋವಿನಿಂದ ಹೇಳುತ್ತಿದ್ದೇನೆ.

ಸೋರೆಹೂ ಮೇಡಂ, ನೀವು ಕೇಳಿದ್ದಕ್ಕೆ ಬರುತ್ತೇನೆ. ನಿಮ್ಮ ಕಾಲದಲ್ಲಿ ಒಳಗಿನ ಬೆಳಕು ಮೇಣದಬತ್ತಿ. ಹಸಿ ಜೇಡಿಮಣ್ಣಿನ ಉಂಡೆಗೆ ಸಿಕ್ಕಿಸಿ ಟೋಪಿಗೋ ಗೋಡೆಗೋ ಅಂಟಿಸುವುದು ಕಾರ್ನ್‌ವಾಲ್ ಗಣಿಯವರ ಪದ್ಧತಿ. ಕಾರ್ಬೈಡ್ ದೀಪ ಆಮೇಲೆ ಬಂತು. ಆರಂಭದ ವರ್ಷಗಳಲ್ಲಿ ಏಣಿಯಲ್ಲಿ ಇಳಿಯಬೇಕಿತ್ತು. ಎಂಟು ಗಂಟೆ ಸುತ್ತಿಗೆ ಹೊಡೆದು ಮತ್ತೆ ಏಣಿ ಹತ್ತಬೇಕು, ಯೋಚನೆ ಮಾಡಿ.

ನಾನು ಕೇಜ್‌ನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ ಇಳಿದವನು. ಆದರೆ ಕೆಲವು ಸಂಗತಿ ನೂರು ವರ್ಷದಲ್ಲಿ ಬದಲಾಗಿರಲಿಲ್ಲ. ಇಳಿಯುವಾಗ ಕಿವಿ ಗವ್ ಅನ್ನುತ್ತದೆ. ಕೆಳಗೆ ಹೋದಷ್ಟೂ ಕಲ್ಲೇ ಬಿಸಿ, ಗೋಡೆಗೆ ಬೆನ್ನು ಒರಗಿಸಲು ಆಗುವುದಿಲ್ಲ. ಮದ್ದು ಸಿಡಿಸಿದ ಮೇಲೆ ಹೊಗೆಗೆ ತಲೆನೋವು ಹಿಡಿದರೆ ಮನೆಗೆ ಹೋದರೂ ಬಿಡುವುದಿಲ್ಲ. ಮತ್ತೆ ಕಲ್ಲು ಸದ್ದು ಮಾಡುತ್ತದೆ. ಸಣ್ಣಗೆ ಚಟ್, ಚಟ್. ಅನುಭವ ಇರುವ ಹಿರಿಯ ಕೈ ಎತ್ತಿದರೆ ಎಲ್ಲರೂ ಸುಮ್ಮನಾಗಿ ಕೇಳಿಸಿಕೊಳ್ಳುತ್ತೇವೆ. ಅವನು ಹೊರಡಿ ಅಂದರೆ ಸಾಮಾನು ಬಿಟ್ಟು ಹೊರಡುತ್ತೇವೆ.

ಹಳೇಗೆಜೆಟಿಯರ್

ಶಿಫ್ಟ್‌ಮನೆ ಸರ್ ಹೇಳಿದ್ದು ರಾಕ್‌ಬರ್ಸ್ಟ್ ಬಗ್ಗೆ. ಹಿಂದೆ ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಒತ್ತಡ ತಾಳಲಾರದೆ ಬಂಡೆಯೇ ಸಿಡಿಯುತ್ತದೆ. ಅದು ಮೊದಲು ದಾಖಲಾದದ್ದು 1898ರಲ್ಲಿ, ಉರಿಗಾಂ ಗಣಿಯಲ್ಲಿ. ನಿಮ್ಮ ಕತೆಯ ಅವಧಿಯಲ್ಲೇ ಬರುತ್ತದೆ. ಅಲ್ಲಿಯವರೆಗೆ ಗಣಿಯವರಿಗೆ ಗೊತ್ತಿದ್ದದ್ದು ಕುಸಿತ, ಬೆಂಕಿ, ನೀರು. ಬಂಡೆ ತಾನಾಗಿ ಸಿಡಿಯುವುದನ್ನು ಮೊದಲ ಸಲ ಕಂಡವರು ಅದನ್ನು ಏನೆಂದುಕೊಂಡಿರಬಹುದು? ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಗಣಿ ಊರನ್ನೂ ಮುಟ್ಟಿತು. 1898 ಒಂದಕ್ಕೇ ನೀವು ಎರಡು ಅಧ್ಯಾಯ ಕೊಡಬಹುದು.

1884ಕ್ಕೂ ಒಂದು ಮಾತು. ಒಳ್ಳೆಯ ವರ್ಷ ಆರಿಸಿದ್ದೀರಿ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ನೋಡಿಕೊಳ್ಳುತ್ತಿದ್ದ ಮೈಸೂರು ಗಣಿ ಕಂಪನಿಯ ದುಡ್ಡು ಮುಗಿಯುತ್ತಾ ಬಂದಿತ್ತು. ಸುತ್ತಲಿನ ಕಂಪನಿಗಳೂ ನೆಲಕಚ್ಚಿದ್ದವು. ಆಗ ಕ್ಯಾಪ್ಟನ್ (ಗಣಿಯ ಮೇಲ್ವಿಚಾರಕ) ಪ್ಲಮ್ಮರ್ ಅನ್ನುವವನು ಪುರಾತನ ಕಾಲದ ಗುಂಡಿಗಳ ಬುಡದಲ್ಲೇ ಇನ್ನೂ ಆಳಕ್ಕೆ ಅಗೆಸಿದ. ಚಾಂಪಿಯನ್ ಅನ್ನುವ ಚಿನ್ನದ ಪದರ ಸಿಕ್ಕಿತು. ನಮ್ಮ ಹಿಂದಿನವರು ಬೆಂಕಿ ಹಾಕಿ ಬಂಡೆ ಕಾಯಿಸಿ, ನೀರು ಸುರಿದು ಒಡೆದು, ಇನ್ನೂರು ಮುನ್ನೂರು ಅಡಿಯವರೆಗೆ ಹೋಗಿ ನಿಲ್ಲಿಸಿದ್ದ ಜಾಗ ಅದು. ಅಗೆದ ಕೂಲಿಯವರ ಹೆಸರು ಯಾವ ಕಡತದಲ್ಲೂ ಕಾಣುವುದಿಲ್ಲ. ಕಾದಂಬರಿ ಕೈ ಹಾಕಬೇಕಾದ ಜಾಗ ಅದೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಚಾಂಪಿಯನ್ ಲೈನ್ ಹುಡುಗಿ

ಈ ಥ್ರೆಡ್ ಓದಿ ಕಣ್ಣು ತುಂಬಿ ಬಂತು. ನಾನು ಹುಟ್ಟಿದ್ದು ಚಾಂಪಿಯನ್ ರೀಫ್ಸ್‌ನ ಲೈನ್ ಮನೆಯಲ್ಲಿ. ಮನೆಮಾತು ತಮಿಳು, ಓದಿದ್ದು ಕನ್ನಡ.

ಲೈನ್ ಅಂದರೆ ಏನು ಅಂತ ಬೇರೆ ಊರಿನವರಿಗೆ ಗೊತ್ತಾಗುವ ಹಾಗೆ ಬರೆಯಿರಿ ಅಕ್ಕಾ. ಗಣಿ ಕೂಲಿಯವರ ಸಾಲುಮನೆ ಅದು. ಶುರುವಿನಲ್ಲಿ ಬಿದಿರು ತಟ್ಟಿಯ ಗೋಡೆ. ಒಂದೇ ಕೋಣೆ. ಪಕ್ಕದ ಮನೆಯ ಕೆಮ್ಮು, ಜಗಳ, ಬಾಣಂತಿ ನೋವು ಎಲ್ಲಾ ಕೇಳಿಸುತ್ತದೆ. ಒಂದು ಶಿಫ್ಟಿನವರು ಕೆಲಸಕ್ಕೆ ಹೋದಾಗ ಇನ್ನೊಂದು ಶಿಫ್ಟಿನವರು ಅದೇ ಚಾಪೆಯಲ್ಲಿ ಮಲಗುತ್ತಾರೆ. ಮಕ್ಕಳು ಹಗಲಿಡೀ ಸದ್ದು ಮಾಡುವಂತಿಲ್ಲ. ಪೊನ್ನಿ ಆಟ ಆಡುವುದನ್ನು ಬರೆದರೆ ಮನೆಯಿಂದ ದೂರ ಆಡಿಸಿ.

ಜಾತಿಯನ್ನು ಬಿಡಬೇಡಿ. ಒಳಗೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟ್, ಸೇಲಂ ಕಡೆಯ ದಲಿತರು. ಹಳ್ಳಿಯಲ್ಲಿ ಕೆರೆ ಮುಟ್ಟುವಂತಿರಲಿಲ್ಲ, ಒಡೆಯನ ಮುಂದೆ ಮೈಮೇಲೆ ಬಟ್ಟೆ ಹಾಕುವಂತಿರಲಿಲ್ಲ. ಗಣಿಯಲ್ಲಿ ಸಾಯುವ ಭಯ ಇತ್ತು, ಆದರೆ ಕೈಗೆ ಕಾಸು ಬರುತ್ತಿತ್ತು. ನಮ್ಮ ಅಜ್ಜಿಗೆ ಆ ಊರಿನ ಮೇಲೆ ಸಿಟ್ಟೂ ಇತ್ತು, ಅಭಿಮಾನವೂ ಇತ್ತು. ಎರಡೂ ನಿಜ. ಮುಂದೆ 20ನೇ ಶತಮಾನದ ಶುರುವಿನಲ್ಲಿ ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಬೌದ್ಧ ಸಂಘಕ್ಕೆ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ನಲ್ಲಿ ಶಾಖೆ ಆಯಿತು. ಗಣಿ ಕೂಲಿಯವರು ಓದುವ ಕೂಟ ಮಾಡಿದರು, ಪತ್ರಿಕೆ ತರಿಸಿದರು. ನಿಮ್ಮ ಕತೆ 1902ಕ್ಕೆ ಮುಗಿದರೂ ಅದರ ಬೀಜ ಪೊನ್ನಿಯ ತಮ್ಮನಲ್ಲಿ ಇರಬಹುದು.

ಇನ್ನು ಕೆಮ್ಮು. ಒಣ ಕಲ್ಲು ಕೊರೆದ ಧೂಳು ಶ್ವಾಸಕೋಶ ತಿನ್ನುತ್ತದೆ. ನಮ್ಮ ತಾತ ಅದರಿಂದಲೇ ಹೋದರು. ಆದರೆ ಮೈಸೂರಿನಲ್ಲಿ ಸಿಲಿಕೋಸಿಸ್‌ಗೆ ಪರಿಹಾರದ ನಿಯಮ ಬಂದದ್ದು 1940ರಲ್ಲಿ. ನಿಮ್ಮ ಪಾತ್ರಗಳ ಬಾಯಲ್ಲಿ ಆ ಹೆಸರು ಬರಬಾರದು. ಅವರಿಗೆ ಅದು ಎದೆ ಕಾಯಿಲೆ. ಊರಿಗೆ ವಾಪಸ್ ಹೋಗಿ ಸಾಯುತ್ತಿದ್ದರು, ಹಾಗಾಗಿ ಕಂಪನಿಯ ಲೆಕ್ಕದಲ್ಲೂ ಇರುತ್ತಿರಲಿಲ್ಲ.

ಸೋರೆಹೂ

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಲವೆಲ್ ಹಿನ್ನೆಲೆಯಲ್ಲಿ ಇರುತ್ತಾನೆ, ಕತೆ ಬರದಿಂದಲೇ ಶುರು. ನಡುವಿನ ಒಂದು ಭಾಗದ ಕರಡು ಹಾಕುತ್ತಿದ್ದೇನೆ. 1893ರ ಹೊತ್ತು.

«ಶಿಫ್ಟ್ ಬಿಡುವ ಹೊತ್ತಿಗೆ ಪೊನ್ನಿ ಶಾಫ್ಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಹತ್ತಿರ ಅಂದರೆ ಕಾವಲುಗಾರ ಬಿಟ್ಟಷ್ಟು ಹತ್ತಿರ. ಮೇಲೆ ಬಂದ ಗಂಡಸರೆಲ್ಲ ಒಂದೇ ಬಣ್ಣ. ಅಪ್ಪನನ್ನು ನಡಿಗೆಯಿಂದ ಗುರುತು ಹಿಡಿಯಬೇಕಿತ್ತು. ಅವರನ್ನು ಸಾಲಾಗಿ ನಿಲ್ಲಿಸಿ ತಲೆಬಟ್ಟೆ ಬಿಚ್ಚಿಸುತ್ತಿದ್ದರು. ಬಾಯಿ ತೆಗೆಸುತ್ತಿದ್ದರು. ಆ ಹೊತ್ತಿನಲ್ಲಿ ಅಪ್ಪ ಅವಳ ಕಡೆ ನೋಡುತ್ತಿರಲಿಲ್ಲ. ಅವಳೂ ಬೇರೆ ಕಡೆ ನೋಡುವುದನ್ನು ಕಲಿತಿದ್ದಳು.

ದಾರಿಯಲ್ಲಿ ಕೇಳಿದಳು. ‘ಇವತ್ತಾದರೂ ಚಿನ್ನ ಕಾಣಿಸ್ತಾ ಅಪ್ಪಾ?’

‘ಕಲ್ಲು ಕಾಣಿಸ್ತು. ನೀಲಿ ಕಲ್ಲು.’

‘ಚಿನ್ನ ಅದರೊಳಗೆ ಇರುತ್ತಂತೆ.’

‘ಇರುತ್ತೆ ಅಂತ ಕ್ಯಾಪ್ಟನ್ ಹೇಳ್ತಾನೆ. ನಂಬಬೇಕು.’ ಅಪ್ಪ ನಿಂತು ಕೆಮ್ಮಿದ. ‘ಮೇಸ್ತ್ರಿ ನಾಳೆ ಬಟವಾಡೆ ಅಂದಿದ್ದಾನೆ. ಅದನ್ನೂ ನಂಬಬೇಕು.’

ಮಿಲ್ಲಿನ ಕಡೆಯಿಂದ ಸದ್ದು ಬರುತ್ತಲೇ ಇತ್ತು. ಹಳ್ಳಿಯಿಂದ ಬಂದ ಹೊಸದರಲ್ಲಿ ಆ ಸದ್ದಿಗೆ ಅವ್ವ ನಿದ್ದೆ ಮಾಡಿರಲಿಲ್ಲ. ಈಗ ಅದು ಒಂದು ಗಳಿಗೆ ನಿಂತರೆ ಲೈನಿನ ಮಂದಿಯೆಲ್ಲ ಎದ್ದು ಹೊರಗೆ ಬರುತ್ತಿದ್ದರು.»

ಶಿಫ್ಟ್‌ಮನೆ

‘ನಂಬಬೇಕು’ ಅನ್ನೋ ಮಾತು ಎದೆಗೆ ನಾಟಿತು ಮೇಡಂ. ನನ್ನ ಅಪ್ಪ ಮಾತಾಡಿದ ಹಾಗೇ ಇದೆ.

ಮಿಲ್ಲಿನ ಒಳಗೂ ಒಂದು ಸಲ ಹೋಗಿ. ಸಾಲು ಸಾಲು ಕಬ್ಬಿಣದ ಒನಕೆಗಳು ಹಗಲೂ ರಾತ್ರಿ ಕಲ್ಲು ಕುಟ್ಟುತ್ತವೆ. ಪುಡಿ ನೀರಿನೊಂದಿಗೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಯುತ್ತದೆ. ಚಿನ್ನ ಪಾದರಸಕ್ಕೆ ಅಂಟುತ್ತದೆ. ಅದನ್ನು ಕೆರೆದು, ಕಾಯಿಸಿ, ಪಾದರಸ ಹಾರಿಸಿದರೆ ಚಿನ್ನ ಉಳಿಯುತ್ತದೆ. ತಪ್ಪಿಹೋದ ಚಿನ್ನ ಹಿಡಿಯಲು 1890ರ ದಶಕದಲ್ಲಿ ಸೈನೈಡ್ ಬಂತು. ಈಗಲೂ ನಿಂತಿರುವ ಸೈನೈಡ್ ದಿಬ್ಬಗಳ ಶುರು ಅಲ್ಲಿಂದ. ಕತೆಯಲ್ಲಿ ದಿಬ್ಬ ನಿಧಾನಕ್ಕೆ ಬೆಳೆಯಲಿ. ಗಾಳಿ ಬೀಸಿದರೆ ಆ ಧೂಳು ಅನ್ನದ ತಟ್ಟೆಗೂ ಬರುತ್ತದೆ.

ಬಂಗಾರಪೇಟೆ ಲೋಕಲ್

ನನ್ನದು ಮೇಲ್ಗಡೆಯ ಮಾತು. ನಮ್ಮದು ಬಂಗಾರಪೇಟೆ ಹತ್ತಿರದ ಹಳ್ಳಿ, ರಾಗಿ ಬೆಳೆಯುವ ಮನೆತನ. ಆಗ ನಮ್ಮ ಸ್ಟೇಷನ್ ಹೆಸರು ಬೌರಿಂಗ್‌ಪೇಟೆ. ಗಣಿಗೆ ರೈಲು ಬಂದದ್ದು 1894ರಲ್ಲಿ. ಅದಕ್ಕೂ ಮೊದಲು ಬಾಯ್ಲರ್, ಪಂಪ್, ಕಬ್ಬಿಣ ಎಲ್ಲವೂ ಸ್ಟೇಷನ್ನಿನಿಂದ ಎತ್ತಿನಗಾಡಿಯ ಮೇಲೆ ಹತ್ತು ಮೈಲಿ ಹೋಗಬೇಕಿತ್ತು. ಗಾಡಿ ಹೊಡೆದವರು ನಮ್ಮ ಕಡೆಯ ರೈತರು. ಸೌದೆ, ರಾಗಿ, ಹುಲ್ಲು, ಮೊಸರು ಮಾರಿದವರೂ ನಮ್ಮವರೇ. ನಿಮ್ಮ ಕಾದಂಬರಿಯಲ್ಲಿ ಕನ್ನಡ ತೆಲುಗು ಎರಡೂ ಆಡುವ ಒಬ್ಬ ಗಾಡಿಯವನಿಗೆ ಜಾಗ ಇರಲಿ. ರೈಲು ಬಂದ ದಿನ ಎಲ್ಲರೂ ಖುಷಿಪಟ್ಟರು ಅಂತ ಬರೆಯಬೇಡಿ. ಅವನ ಬಾಡಿಗೆ ಅವತ್ತು ಹೋಯಿತು.

ಸ್ಟೀಮ್ ಎಂಜಿನ್ನಿಗೆ ಸೌದೆ, ಸುರಂಗಕ್ಕೆ ಊರುಗೋಲಿನ ಮರ. ಸುತ್ತಲಿನ ಕುರುಚಲು ಕಾಡೆಲ್ಲ ಅದಕ್ಕೇ ಹೋಯಿತು. ಸೌದೆ ತರುವವಳು ವರ್ಷ ವರ್ಷಕ್ಕೂ ಜಾಸ್ತಿ ದೂರ ನಡೆಯಬೇಕು. ಕುಡಿಯುವ ನೀರು ಮೊದಲಿನಿಂದಲೂ ಕಷ್ಟ. ಬೇತಮಂಗಲದ ಕೆರೆಯಿಂದ ಕೊಳವೆ ಬಂದಮೇಲೆ ಉಸಿರು ಬಿಟ್ಟರು. ಅದು ಪಾಲಾರ್ ನೀರು.

ಕತೆಪ್ರಿಯ

ಕರಡು ಓದಿದೆ. ಬಾಯಿ ತೆಗೆಸಿ ನೋಡುವ ದೃಶ್ಯಕ್ಕಿಂತ ಬಲವಾದ ರೋಮಾಂಚನ ನನಗೆ ಬೇಕಿಲ್ಲ. ಅದರ ಮುಂದುವರಿಕೆ ಕೇಳುತ್ತೇನೆ. ಕಳ್ಳತನ ನಿಜಕ್ಕೂ ನಡೆಯುತ್ತಿತ್ತಾ? ಅದು ಕತೆಯ ಒಂದು ಎಳೆ ಆಗಬಹುದಲ್ಲ?

ಹಳೇಗೆಜೆಟಿಯರ್

ನಡೆಯುತ್ತಿತ್ತು. ಒಳ್ಳೆಯ ಕಲ್ಲಿನ ಚೂರು, ಮಿಲ್ಲಿನಿಂದ ಪಾದರಸ ಬೆರೆತ ಚಿನ್ನ, ಹೀಗೆ. ಕಂಪನಿಗಳು ಸಂಸ್ಥಾನದ ಮೇಲೆ ಒತ್ತಡ ಹಾಕಿ ಗಣಿ ಕಳ್ಳತನಕ್ಕೇ ಬಿಗಿಯಾದ ಕಾನೂನು ತರಿಸಿದವು. ಕಾವಲಿಗೆ ಪಂಜಾಬಿನವರನ್ನು ಕರೆತಂದರು. ಭಾಷೆ ಬಾರದ, ನೆಂಟಸ್ತನ ಇಲ್ಲದ ಕಾವಲುಗಾರ ಕಂಪನಿಗೆ ಅನುಕೂಲ. ಸರ್ಕಾರಕ್ಕೆ ಶೇ. 5ರಷ್ಟು ರಾಯಧನ ಬರುತ್ತಿತ್ತು, ಹಾಗಾಗಿ ಅದೂ ಕಂಪನಿಯ ಮಾತು ಕೇಳಿತು. ಮೈಮುಟ್ಟಿ ಹುಡುಕುವ ಅವಮಾನ ಹಾಗೇ ಒಳಗೆ ಕುದಿಯುತ್ತಾ ಬಂತು. 1930ರಲ್ಲಿ ಎಲ್ಲರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಸಾವಿರಾರು ಜನ ಮುಷ್ಕರ ಹೂಡಿದರು. ಅದು ನಿಮ್ಮ ಎರಡನೇ ಭಾಗಕ್ಕೆ ಆಗಬಹುದು, ಪೊನ್ನಿಯ ಮೊಮ್ಮಕ್ಕಳ ಕಾಲ.

ಕೆಲವು ಕಾಲದ ಎಚ್ಚರ. 1893ರಲ್ಲಿ ಯಾರನ್ನೂ ರಾಬರ್ಟ್‌ಸನ್‌ಪೇಟೆಗೆ ಸಂತೆಗೆ ಕಳಿಸಬೇಡಿ. ಮೈಸೂರಿನ ಬ್ರಿಟಿಷ್ ಪ್ರತಿನಿಧಿ, ರೆಸಿಡೆಂಟ್ ರಾಬರ್ಟ್‌ಸನ್ ಬಂದದ್ದೇ 1896ರಲ್ಲಿ, ಊರು ಕಟ್ಟಿದ್ದು ಆಮೇಲೆ. ‘ಚಿತ್ತೂರು ಜಿಲ್ಲೆಯಿಂದ ಬಂದೆವು’ ಅಂತಲೂ ಯಾರೂ ಹೇಳುವಂತಿಲ್ಲ, ಆ ಜಿಲ್ಲೆ ಆದದ್ದು 1911ರಲ್ಲಿ. ಊರು ಬೆಳೆದ ವೇಗವನ್ನು ಮಾತ್ರ ಧಾರಾಳವಾಗಿ ತೋರಿಸಿ. 1891ರಲ್ಲಿ ಸುಮಾರು 7 ಸಾವಿರ ಜನ, 1901ರಲ್ಲಿ 38 ಸಾವಿರ. ಹತ್ತು ವರ್ಷದಲ್ಲಿ ಪೊನ್ನಿಗೆ ಗುರುತಿರುವ ಮುಖಗಳೇ ಕಡಿಮೆಯಾಗಿರುತ್ತವೆ.

ಸೋರೆಹೂ

ಸಂಭಾಷಣೆ ಬಗ್ಗೆ ಕೇಳಬೇಕು. ಪೊನ್ನಿಯ ಮನೆಯಲ್ಲಿ ತಮಿಳು, ಗಾಡಿಯವನದು ಕನ್ನಡ-ತೆಲುಗು, ಕ್ಯಾಪ್ಟನ್ನಿನದು ಕಾರ್ನ್‌ವಾಲ್ ಇಂಗ್ಲಿಷು. ಕನ್ನಡ ಕಾದಂಬರಿಯಲ್ಲಿ ಇದನ್ನೆಲ್ಲ ಹೇಗೆ ನಿಭಾಯಿಸಲಿ?

ಚಾಂಪಿಯನ್ ಲೈನ್ ಹುಡುಗಿ

ಮನೆಯೊಳಗಿನ ಮಾತು ಸಹಜವಾದ ಕನ್ನಡದಲ್ಲೇ ಇರಲಿ ಅಕ್ಕಾ. ಮನೆಯಲ್ಲಿ ಯಾರಿಗೂ ತಮ್ಮ ಭಾಷೆ ಪರಭಾಷೆ ಅಲ್ಲವಲ್ಲ. ಭಾಷೆ ಅರ್ಥವಾಗದ ಜಾಗದಲ್ಲಿ ಮಾತ್ರ ತೊಡಕು ತೋರಿಸಿ. ಕ್ಯಾಪ್ಟನ್ ಏನೋ ಕೂಗುತ್ತಾನೆ, ಮೇಸ್ತ್ರಿ ಅದನ್ನು ಅರ್ಧ ಹೇಳುತ್ತಾನೆ, ಮದ್ದು ಇಟ್ಟವನು ಅರ್ಧ ಕೇಳಿಸಿಕೊಳ್ಳುತ್ತಾನೆ. ಜೀವ ಹೋಗುವುದು ಅಲ್ಲಿ. ದಯವಿಟ್ಟು ನಗಿಸಲು ನಮ್ಮವರ ಕೈಲಿ ಹರಕು ಕನ್ನಡ ಆಡಿಸಬೇಡಿ. ಅದನ್ನು ಬೇಕಾದಷ್ಟು ಕೇಳಿ ಬೆಳೆದಿದ್ದೇವೆ.

ಬಂಗಾರಪೇಟೆ ಲೋಕಲ್

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಸಂತೆಯಲ್ಲಿ ನಮ್ಮ ಅಜ್ಜ ಮೂರು ಭಾಷೆಯಲ್ಲಿ ಚೌಕಾಸಿ ಮಾಡುತ್ತಿದ್ದರು, ಯಾರೂ ಅದನ್ನು ವಿಶೇಷ ಅಂದುಕೊಂಡಿರಲಿಲ್ಲ.

ಸೋರೆಹೂ

ಕೊನೆಯ ಅಧ್ಯಾಯ 1902ರ ಜೂನ್ 30. ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಗಣಿಗೆ ಕರೆಂಟು ಬಂದ ದಿನ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಊರು ಬೆಳಗುವಲ್ಲಿಗೆ ಕತೆ ನಿಲ್ಲಿಸುವ ಯೋಚನೆ ಇದೆ.

ಶಿಫ್ಟ್‌ಮನೆ

ಬೇಡ ಅನ್ನುತ್ತೇನೆ. ಆ ಕರೆಂಟು ತಂದದ್ದು ಗಣಿಯ ಯಂತ್ರಗಳಿಗಾಗಿ. ಯಂತ್ರ ಬಂದರೆ ಗಣಿ ಇನ್ನೂ ಆಳಕ್ಕೆ ಹೋಗುತ್ತದೆ. ನಮ್ಮ ಕಾಲಕ್ಕೆ ಚಾಂಪಿಯನ್ ರೀಫ್ಸ್ 3 ಕಿ.ಮೀ. ದಾಟಿತ್ತು. ಅವತ್ತು ಪೊನ್ನಿಯ ತಮ್ಮ ಕೆಳಗೆ ಶಿಫ್ಟಿನಲ್ಲಿರಲಿ. ಅವನಿಗೆ ಮೇಲೆ ನಡೆದದ್ದು ಗೊತ್ತಾಗುವುದು ಶಿಫ್ಟ್ ಮುಗಿದ ಮೇಲೆ.

ಹಳೇಗೆಜೆಟಿಯರ್

ಒಂದು ಸೇರಿಸುತ್ತೇನೆ. ಆ ಯೋಜನೆಗಾಗಿ ಓಡಾಡಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡರು. ಭಾಷಣ ಮಾಡುವವರು ಆ ಮಾತು ಎತ್ತಿರಬಹುದು, ಪೊನ್ನಿಯ ಲೈನಿಗೆ ಅದು ತಲುಪಿರಲಾರದು.

ಸೋರೆಹೂ

ಸರ್, ತಮ್ಮನ ಶಿಫ್ಟ್ ಸೂಚನೆ ತೆಗೆದುಕೊಂಡೆ. ಕೊನೆಯ ಅಧ್ಯಾಯ ಪೂರ್ತಿ ಭೂಮಿಯೊಳಗೇ ನಡೆಯುತ್ತದೆ. ಅದಕ್ಕೆ ನನಗೆ ಕೆಲಸದ ಕ್ರಮ ಬೇಕು. ಇಳಿದಾಗಿನಿಂದ ಮದ್ದು ಸಿಡಿಸುವವರೆಗೆ ಒಂದಾದ ಮೇಲೆ ಒಂದು ಏನೇನು ಮಾಡುತ್ತಿದ್ದಿರಿ? ಲೈನ್ ಹುಡುಗಿ, ನಿಮ್ಮ ಅಜ್ಜಿ ಹಾಡುತ್ತಿದ್ದ ಹಾಡು ನೆನಪಿದ್ದರೆ ಕಳಿಸುತ್ತೀರಾ?

ಶಿಫ್ಟ್‌ಮನೆ

ಬರೆದು ಕಳಿಸುತ್ತೇನೆ. ನನಗಿಂತ ಹಿರಿಯರು ಇಬ್ಬರು ಇನ್ನೂ ಉರಿಗಾಂನಲ್ಲಿ ಇದ್ದಾರೆ, ಕೈಯಲ್ಲಿ ಡ್ರಿಲ್ ಹಿಡಿದವರು. ಭಾನುವಾರ ಬೆಳಗ್ಗೆ ಮಾರಿಕುಪ್ಪಂ ರೈಲಿಗೆ ಬಂದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಅವರಿಗೆ ಕಿವಿ ಸ್ವಲ್ಪ ಮಂದ, ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಬನ್ನಿ.

ಚಾಂಪಿಯನ್ ಲೈನ್ ಹುಡುಗಿ

ಭಾನುವಾರ ನಾನೂ ಬರುತ್ತೇನೆ ಅಕ್ಕಾ. ಹಾಡು ಅಮ್ಮನಿಗೆ ಗೊತ್ತು, ಫೋನಿನಲ್ಲಿ ಹಾಡಿಸಿ ರೆಕಾರ್ಡ್ ಮಾಡಿ ತರುತ್ತೇನೆ.